ಒಂದೇ ದ್ವೀಪ, ಎರಡು ಮಳೆಗಾಲ

ಮೇ ಬಂತೆಂದರೆ ಶ್ರೀಲಂಕಾದ ದಕ್ಷಿಣ ತೀರದಲ್ಲಿ 'ಆಫ್ ಸೀಸನ್'. ಗಾಲೆ, ಮಿರಿಸ್ಸ, ಹಿಕ್ಕಡುವ ಕಡೆ ರೂಮಿನ ಬಾಡಿಗೆ ಇಳಿಯುತ್ತದೆ. ಮಳೇಲಿ ಅಲ್ಲೇನು ಮಾಡ್ತೀರಿ ಅಂತ ಜನ ಕೇಳುತ್ತಾರೆ. ಆದರೆ ಅದೇ ಜುಲೈನಲ್ಲಿ, ಅದೇ ದ್ವೀಪದ ಪೂರ್ವ ತೀರದ ಟ್ರಿಂಕೋಮಲಿ ಮತ್ತು ಅರುಗಂ ಬೇಯಲ್ಲಿ ಸುಡುಬಿಸಿಲು, ಸೀಸನ್ ಜೋರು!

ಇದೆಲ್ಲ ನಡುವಿನ ಬೆಟ್ಟಗಳ ಕೆಲಸ. ಶ್ರೀಲಂಕಾದ ಮಧ್ಯದ ಮಲೆನಾಡು 2,500 ಮೀಟರ್‌ವರೆಗೂ ಏರುತ್ತದೆ. ನಮ್ಮ ಆಗುಂಬೆಗೆ ಮಳೆ ತರುವ ನೈರುತ್ಯ ಮುಂಗಾರೇ ಅಲ್ಲಿಗೂ ಬರುತ್ತದೆ. ಬೆಟ್ಟಕ್ಕೆ ಬಡಿದ ಗಾಳಿ ಮೇಲೇರಿ ತಣ್ಣಗಾಗಿ, ಹೊತ್ತು ತಂದ ನೀರನ್ನು ಪಶ್ಚಿಮದ ಇಳಿಜಾರಿನಲ್ಲೇ ಸುರಿಸಿಬಿಡುತ್ತದೆ. ಅಲ್ಲಿನ ಕೆಲವು ಜಾಗಗಳಲ್ಲಿ ವರ್ಷದ ಮಳೆ 5,000 ಮಿಲಿಮೀಟರ್ ದಾಟುತ್ತದೆ.

ಆಚೆ ಬದಿಯ ಕತೆ ಇನ್ನೂ ಸ್ವಾರಸ್ಯ. ಆವಿ ನೀರಾಗುವಾಗ ಶಾಖ ಬಿಡುತ್ತದೆ. ಹಾಗಾಗಿ ಮೋಡದೊಳಗೆ ಏರುವ ಗಾಳಿ ಕಿಲೋಮೀಟರಿಗೆ ಸುಮಾರು 6 ಡಿಗ್ರಿಯಷ್ಟೇ ತಣ್ಣಗಾಗುತ್ತದೆ. ಒಣಗಿದ ಗಾಳಿ ಇಳಿಯುವಾಗ ಮಾತ್ರ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಕಾಯುತ್ತದೆ. ಅಂದರೆ ಹತ್ತುವಾಗ ಇದ್ದದ್ದಕ್ಕಿಂತ ಜಾಸ್ತಿ ಬಿಸಿಯಾಗಿ ಕೆಳಗೆ ಬರುತ್ತದೆ. ಪೂರ್ವ ತೀರದ ಮಟ್ಟಕಳಪ್ಪು (ಬ್ಯಾಟಿಕಲೋವಾ) ಕಡೆಯ ತಮಿಳರು ಈ ಒಣ ಬಿಸಿಗಾಳಿಯನ್ನು ಕಚ್ಚಾನ್ ಎನ್ನುತ್ತಾರೆ.

ಈ ಗಡಿಯನ್ನು ಕಣ್ಣಾರೆ ನೋಡಬೇಕೆಂದರೆ ಕೊಲಂಬೊ–ಬದುಳ್ಳ ರೈಲು ಮಾರ್ಗದ ಪಟ್ಟಿಪೊಲ ಇದೆ. ಸುಮಾರು 1,890 ಮೀಟರ್ ಎತ್ತರದ ನಿಲ್ದಾಣ. ಅದನ್ನು ದಾಟಿದರೆ ಒಂದು ಸುರಂಗ. ಮುಂಗಾರಿನಲ್ಲಿ ಎಷ್ಟೋ ಸಲ ಈಚೆ ಬಾಯಲ್ಲಿ ಮಂಜು, ಜಿಟಿಜಿಟಿ ಮಳೆ, ಒದ್ದೆ ಕಿಟಕಿ. ಸುರಂಗದಾಚೆ ಊವ ಕಣಿವೆಯಲ್ಲಿ ಎಳೆಬಿಸಿಲು, ದೂರದ ಗುಡ್ಡಗಳೆಲ್ಲ ನಿಚ್ಚಳ.

ಡಿಸೆಂಬರಿನಿಂದ ಫೆಬ್ರವರಿಗೆ ಆಟ ತಿರುಗುಮುರುಗು. ಈಶಾನ್ಯದ ಗಾಳಿ ಬೀಸಿ ಪೂರ್ವ ತೀರ ನೆನೆಯುತ್ತದೆ, ಗಾಲೆಯಲ್ಲಿ ರೂಮು ತುಟ್ಟಿಯಾಗುತ್ತದೆ. ಈ ಲೆಕ್ಕ ಮೀನುಗಾರರಿಗೆ ಯಾವತ್ತಿನಿಂದಲೋ ಗೊತ್ತು. ಪಶ್ಚಿಮದ ಕಡಲು ಕೆರಳಿದಾಗ ನೆಗೊಂಬೊ, ಚಿಲಾವ್ ಕಡೆಯ ಎಷ್ಟೋ ಮಂದಿ ಬಲೆ, ಸಾಮಾನು ಕಟ್ಟಿಕೊಂಡು ಪೂರ್ವಕ್ಕೆ ಹೋಗುತ್ತಾರೆ. ಅಲ್ಲಿ ವಾಡಿಗಳೆಂಬ ಗುಡಿಸಲು ಹಾಕಿಕೊಂಡು ಸೀಸನ್ ಮುಗಿಯುವವರೆಗೆ ಮೀನು ಹಿಡಿಯುತ್ತಾರೆ.

ಇನ್ನು ಪಶ್ಚಿಮದಲ್ಲೂ ಮಳೆ ಐದು ತಿಂಗಳು ಒಂದೇ ಸಮ ಸುರಿಯುವುದಿಲ್ಲ. ಕೊಲಂಬೊದಲ್ಲಿ ಮೇ ತಿಂಗಳ ಸರಾಸರಿ ಹತ್ತಿರಹತ್ತಿರ 400 ಮಿಲಿಮೀಟರ್. ಜುಲೈ, ಆಗಸ್ಟ್‌ನಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಆದರೂ ಆಗ ಬೀಚು ಖಾಲಿ ಯಾಕೆ? ನನ್ನ ಪ್ರಕಾರ ಪ್ರವಾಸಿಗರು ಸುಮ್ನೆ ಮಳೆಯನ್ನು ಬೈಯುತ್ತಾರೆ, ದೂರಬೇಕಾದದ್ದು ಗಾಳಿಯನ್ನು. ಬಿಸಿಲಿದ್ದರೂ ನೈರುತ್ಯದ ಅಲೆಗಳು ಎತ್ತರವೇ. ಅವು ತಳದ ಮರಳು ಕದಡುತ್ತವೆ, ನದಿಗಳು ಕೆಂಪು ನೀರು ತಂದು ಸೇರಿಸುತ್ತವೆ. ಡೈವಿಂಗಿಗೆ ಇಳಿದರೆ ಏನೂ ಕಾಣದು. ದಡದಿಂದ ಒಳಕ್ಕೆ ಸೆಳೆಯುವ ಪ್ರವಾಹಗಳಂತೂ ಪ್ರಾಣಕ್ಕೇ ಅಪಾಯ. ಈಜುವ ಆಸೆ ಬಿಟ್ಟು ಗಾಲೆಯ ಹಳೇ ಕೋಟೆಯೊಳಗೆ ಅಡ್ಡಾಡುವುದಾದರೆ ಜುಲೈ ಏನೂ ಕೆಟ್ಟದ್ದಲ್ಲ.

ನಿಜವಾದ ಪೇಚು ಅಕ್ಟೋಬರ್, ನವೆಂಬರ್. ಆಗ ಯಾವ ಮಾರುತಕ್ಕೂ ಪೂರ್ತಿ ಹಿಡಿತವಿಲ್ಲ, ಬೆಟ್ಟವೂ ಬೇಲಿಯಾಗುವುದಿಲ್ಲ. ನೆಲ ಕಾದು, ಕಡಲಗಾಳಿ ಒಳನುಗ್ಗಿ, ಮಧ್ಯಾಹ್ನದ ಮೇಲೆ ಎರಡೂ ಕಡೆ ಗುಡುಗು ಸಿಡಿಲು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರಂತೂ ದಿನಗಟ್ಟಲೆ ಮಳೆ. ಕುಸಿತ ಇಲ್ಲದ ದಿನಗಳಲ್ಲಿ ಬೆಳಗಿನ ಹೊತ್ತು ಬಹುಮಟ್ಟಿಗೆ ಶುಭ್ರವಾಗಿರುತ್ತದೆ. ಊರು ಸುತ್ತುವುದನ್ನು ಊಟದ ಹೊತ್ತಿಗೆ ಮುಗಿಸಿಕೊಳ್ಳಬೇಕು, ಅಷ್ಟೇ.