ಡೇಟಾಬೇಸ್ ‘ನಿಂತಿತು’ ಎಂದ ಮೇಲೂ ಮತ್ತೆ ಶುರುವಾಗದಿರುವುದು ಏಕೆ?

ಪ್ರಶ್ನೆ: ತೀರ್ಥಹಳ್ಳಿಯ ನಮ್ಮ ಅಡಿಕೆ ಮಂಡಿಯ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗ, ಯುಪಿಎಸ್ ಬ್ಯಾಟರಿ ಮುಗಿಯುವುದರೊಳಗೆ ಡೇಟಾಬೇಸ್ ನಿಲ್ಲಿಸಲು ನಾವೇ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೇವೆ. ಅದು ‘ನಿಂತಿತು’ ಎಂದು ತೋರಿಸುತ್ತದೆ. ಆದರೆ ಕರೆಂಟು ಬಂದ ಕೂಡಲೇ ಮತ್ತೆ ಶುರು ಮಾಡಹೋದರೆ, ಕೆಲವೊಮ್ಮೆ ‘ಪೋಸ್ಟ್‌ಮಾಸ್ಟರ್.ಪಿಐಡಿ ಫೈಲ್ ಈಗಾಗಲೇ ಇದೆ’ ಎಂಬ ದೋಷ ಬರುತ್ತದೆ. ಆ ಫೈಲನ್ನು ಅಳಿಸಿ ಮುಂದುವರಿಯಬಹುದೇ?

ಉತ್ತರ: ದಯವಿಟ್ಟು ಅಳಿಸಬೇಡಿ. ಆ ಫೈಲು ಅಲ್ಲಿದೆ ಎಂದರೆ ಬಹುಮಟ್ಟಿಗೆ ಹಳೆಯ ಸರ್ವರ್ ಇನ್ನೂ ಜೀವಂತವಾಗಿದೆ, ನಿಮ್ಮ ಸ್ಕ್ರಿಪ್ಟ್ ಹೇಳಿದ್ದು ನಿಜವಲ್ಲ ಎಂದೇ ಅರ್ಥ. ಚಾಲನೆಯಲ್ಲಿರುವ ಸರ್ವರಿನ ಪ್ರೊಸೆಸ್ ಸಂಖ್ಯೆಯ ಜೊತೆಗೆ ಅದು ಬಳಸುತ್ತಿರುವ ಶೇರ್ಡ್ ಮೆಮೊರಿಯ ಗುರುತೂ ಅದರಲ್ಲಿ ಇರುತ್ತದೆ. ಒಂದೇ ಡೇಟಾ ಡೈರೆಕ್ಟರಿಯ ಮೇಲೆ ಎರಡು ಸರ್ವರ್‌ಗಳು ಏಕಕಾಲಕ್ಕೆ ಬರೆಯದಂತೆ ತಡೆಯುವುದು ಈ ಮಾಹಿತಿಯೇ. ಫೈಲನ್ನು ಅಳಿಸಿದರೆ ಆ ತಡೆ ತಪ್ಪಿಹೋಗುತ್ತದೆ. ಬಳಿಕ ಡೇಟಾ ಕೆಟ್ಟರೆ ಬ್ಯಾಕಪ್ ಬಿಟ್ಟರೆ ಬೇರೆ ದಾರಿಯಿರುವುದಿಲ್ಲ.

ಹಾಗಾದರೆ ಸರ್ವರ್ ಏಕೆ ನಿಂತಿರಲಿಲ್ಲ? ಪೋಸ್ಟ್‌ಗ್ರೆಸ್ ನಿಲ್ಲಿಸಲು ಮೂರು ವಿಧಾನಗಳಿವೆ. ‘ಸ್ಮಾರ್ಟ್’ ವಿಧಾನದಲ್ಲಿ ಸರ್ವರ್ ಹೊಸ ಸಂಪರ್ಕಗಳನ್ನು ನಿರಾಕರಿಸಿ, ಈಗಾಗಲೇ ಸಂಪರ್ಕದಲ್ಲಿರುವವರೆಲ್ಲ ತಾವಾಗಿ ಹೊರಹೋಗುವವರೆಗೆ ಕಾಯುತ್ತದೆ. ತೂಕದ ಕೌಂಟರಿನಲ್ಲಿ ಕುಳಿತವರು ರಾಶಿ, ಬೆಟ್ಟೆ ಅಡಿಕೆಯ ಬಿಲ್ಲಿನ ಪರದೆಯನ್ನು ತೆರೆದಿಟ್ಟು ಊಟಕ್ಕೆ ಎದ್ದುಹೋಗಿದ್ದರೆ ಆ ಒಂದು ಸಂಪರ್ಕಕ್ಕಾಗಿ ಇಡೀ ಸರ್ವರ್ ಕಾದು ಕುಳಿತಿರುತ್ತದೆ. ಸರ್ವರನ್ನು ಶುರು ಮಾಡುವ, ನಿಲ್ಲಿಸುವ ಪಿಜಿ_ಸಿಟಿಎಲ್ ಆದೇಶವು ಪೂರ್ವನಿಯೋಜಿತವಾಗಿ 60 ಸೆಕೆಂಡ್ ನೋಡಿ, ‘ಸರ್ವರ್ ನಿಲ್ಲುತ್ತಿಲ್ಲ’ ಎಂಬ ಸಂದೇಶದೊಡನೆ ಸೊನ್ನೆಯಲ್ಲದ ಎಗ್ಸಿಟ್ ಕೋಡ್ (ಆದೇಶ ವಿಫಲವಾಯಿತೆಂದು ಸೂಚಿಸುವ ಸಂಖ್ಯೆ) ಕೊಟ್ಟು ಹಿಂದಿರುಗುತ್ತದೆ. ಕೈಯಿಂದ ಬರೆದ ಸ್ಕ್ರಿಪ್ಟುಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ: ಅವು ಆ ಕೋಡನ್ನು ನೋಡದೆ, ‘ಸ್ಲೀಪ್ 10’ (ಹತ್ತು ಸೆಕೆಂಡ್ ಕಾಯಿ) ಎಂಬ ಸಾಲನ್ನು ದಾಟಿ, ‘ನಿಂತಿತು’ ಎಂದು ಮುದ್ರಿಸಿಬಿಡುತ್ತವೆ.

‘ಫಾಸ್ಟ್’ ವಿಧಾನದಲ್ಲಿ ನಡೆಯುತ್ತಿರುವ ವಹಿವಾಟುಗಳನ್ನು ರದ್ದುಮಾಡಿ, ಎಲ್ಲರ ಸಂಪರ್ಕವನ್ನು ಕಡಿದು, ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಬರೆಯುವ ಕೆಲಸ) ಮುಗಿಸಿ ಸರ್ವರ್ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಅರ್ಧ ತುಂಬಿದ ಬಿಲ್ಲು ಹೋಗಬಹುದು, ಆದರೆ ಕಮಿಟ್ ಆದದ್ದು, ಅಂದರೆ ಖಾಯಂ ಆಗಿ ದಾಖಲಾದದ್ದು ಯಾವುದೂ ಹೋಗುವುದಿಲ್ಲ. 9.5ನೇ ಆವೃತ್ತಿಯಿಂದ ಪೂರ್ವನಿಯೋಜಿತ ವಿಧಾನವೂ ಇದೇ. ಅದಕ್ಕೂ ಹಿಂದೆ ಬರೆದ ಅಥವಾ ಎಲ್ಲಿಂದಲೋ ನಕಲು ಮಾಡಿಕೊಂಡ ಸ್ಕ್ರಿಪ್ಟಿನಲ್ಲಿ ‘ಸ್ಮಾರ್ಟ್’ ಎಂದು ಬರೆದಿದೆಯೇ ಎಂದು ಮೊದಲು ಪರಿಶೀಲಿಸಿ. ‘ಇಮ್ಮಿಡಿಯೆಟ್’ ವಿಧಾನವು ಚೆಕ್‌ಪಾಯಿಂಟ್ ಇಲ್ಲದೆಯೇ ನಿಲ್ಲಿಸುವುದರಿಂದ ಮುಂದಿನ ಸಲ ಶುರುವಾಗುವಾಗ ರಿಕವರಿ (ಡೇಟಾವನ್ನು ಸರಿಪಡಿಸಿಕೊಳ್ಳುವ ಕೆಲಸ) ನಡೆಯಲೇಬೇಕಾಗುತ್ತದೆ. ಪ್ರೊಸೆಸನ್ನು ಬಲವಂತವಾಗಿ ಕೊಲ್ಲುವ ‘ಕಿಲ್ -9’ ಅನ್ನಂತೂ ಸ್ಕ್ರಿಪ್ಟಿನೊಳಗೆ ಸೇರಿಸಲೇಬೇಡಿ.

ಈ ಕೆಲಸವನ್ನು ಸಾಧ್ಯವಾದರೆ ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಮ್‌ಡಿಗೆ ಒಪ್ಪಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. ಸೇವೆಯೊಂದು ನಿಲ್ಲಲು ಅದು ಸಾಮಾನ್ಯವಾಗಿ 90 ಸೆಕೆಂಡ್ ಕೊಟ್ಟು, ಆಮೇಲೆ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಂಕೇತ) ಕಳುಹಿಸುತ್ತದೆ. ನಿಧಾನಗತಿಯ ಡಿಸ್ಕಿನಲ್ಲಿ ಚೆಕ್‌ಪಾಯಿಂಟ್ ಮುಗಿಯಲು ಈ ಅವಧಿ ಸಾಲದೆ ಹೋಗಬಹುದು. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯ ಮಾದರಿ ಯುನಿಟ್ ಫೈಲಿನಲ್ಲಿ (ಸೇವೆಯನ್ನು ಹೇಗೆ ನಡೆಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಫೈಲು) ಟೈಪ್ ‘ನೋಟಿಫೈ’, ಕಿಲ್‌ಸಿಗ್ನಲ್ ‘ಸಿಗ್‌ಇಂಟ್’, ಕಿಲ್‌ಮೋಡ್ ‘ಮಿಕ್ಸ್‌ಡ್’, ಟೈಮ್‌ಔಟ್‌ಸೆಕ್ ‘ಇನ್ಫಿನಿಟಿ’ ಎಂದಿರುವುದು ಇದಕ್ಕಾಗಿಯೇ. ಸಿಗ್‌ಇಂಟ್ ಎಂದರೆ ಪೋಸ್ಟ್‌ಗ್ರೆಸ್ ಅದನ್ನು ‘ಫಾಸ್ಟ್’ ಎಂದು ಓದುತ್ತದೆ. ಸಿಗ್‌ಟರ್ಮ್ ಬಂದರೆ ‘ಸ್ಮಾರ್ಟ್’ ಎಂದು. ‘ನೋಟಿಫೈ’ ಇದ್ದಾಗ ಸರ್ವರೇ ‘ಸಿದ್ಧನಾಗಿದ್ದೇನೆ’ ಎಂದು ತಿಳಿಸುವವರೆಗೆ ಅದನ್ನು ಶುರುವಾಯಿತೆಂದು ಸಿಸ್ಟಮ್‌ಡಿ ಲೆಕ್ಕಿಸುವುದಿಲ್ಲ.

ಶುರು ಮಾಡುವಾಗಲೂ ಇದೇ ತಾಳ್ಮೆ ಬೇಕು. ಕರೆಂಟು ಹಠಾತ್ತನೆ ಹೋಗಿ ಸರ್ವರ್ ಬಿದ್ದಿದ್ದರೆ, ಅದು ಏಳುವಾಗ ವಾಲ್ ದಾಖಲೆಗಳನ್ನು (ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಟ್ಟುಕೊಂಡ ದಾಖಲೆಗಳನ್ನು) ಮರುಓದಿ ಡೇಟಾವನ್ನು ಸರಿಪಡಿಸಿಕೊಳ್ಳುತ್ತದೆ. 60 ಸೆಕೆಂಡಿನಲ್ಲಿ ಅದು ಮುಗಿಯದಿದ್ದರೆ ಸ್ಕ್ರಿಪ್ಟ್ ವಿಫಲವಾಯಿತೆಂದು ತಿಳಿದು ಸರ್ವರನ್ನು ಕೊಂದು ಮತ್ತೆ ಎಬ್ಬಿಸುವುದು ಅತ್ಯಂತ ಕೆಟ್ಟ ಚಿಕಿತ್ಸೆ, ಏಕೆಂದರೆ ಆ ಕೆಲಸವೆಲ್ಲ ಮತ್ತೆ ಮೊದಲಿನಿಂದ ಆಗಬೇಕಾಗುತ್ತದೆ. ಪಿಜಿ_ಇಸ್‌ರೆಡಿ ಆದೇಶವನ್ನು ಆಗಾಗ ಕೇಳುತ್ತಿರಿ: 0 ಎಂದರೆ ಸಂಪರ್ಕಕ್ಕೆ ಸಿದ್ಧ, 1 ಎಂದರೆ ಎದ್ದಿದೆ ಆದರೆ ಇನ್ನೂ ಒಳಗೆ ಬಿಡುತ್ತಿಲ್ಲ, 2 ಎಂದರೆ ಉತ್ತರವೇ ಇಲ್ಲ.

ಡೇಟಾ ಬೇರೊಂದು ಡಿಸ್ಕಿನಲ್ಲಿದ್ದರೆ ಇನ್ನೊಂದು ಅಪಾಯವೂ ಇದೆ. ಆ ಡಿಸ್ಕ್ ಮೌಂಟ್ ಆಗುವ (ಸಿಸ್ಟಮ್‌ಗೆ ಜೋಡಣೆಯಾಗುವ) ಮೊದಲೇ ಓಡಿದ ಸ್ಕ್ರಿಪ್ಟ್, ಖಾಲಿ ಡೈರೆಕ್ಟರಿಯನ್ನು ಕಂಡು ತಾನೇ ಹೊಸ ಡೇಟಾಬೇಸ್ ಸೃಷ್ಟಿಸುವ ಇನಿಟ್‌ಡಿಬಿ ನಡೆಸಿದರೆ ಮಂಡಿಯ ಲೆಕ್ಕವಿರಬೇಕಾದಲ್ಲಿ ಬರಿಯ ಖಾಲಿ ಡೇಟಾಬೇಸ್ ಎದ್ದು ನಿಲ್ಲುತ್ತದೆ. ಇನಿಟ್‌ಡಿಬಿ ಮನುಷ್ಯರು ಕೈಯಿಂದ ಮಾಡಬೇಕಾದ ಕೆಲಸ. ಶುರು ಮಾಡುವ ಸ್ಕ್ರಿಪ್ಟಿನಲ್ಲಿ ಅದು ಇರಲೇಬಾರದು.

ಮುಂದಿನ ಮುಂಗಾರಿಗೆ ಮೊದಲು, ವ್ಯಾಪಾರ ಜೋರಾಗಿರುವ ಒಂದು ದಿನದ ಕೊನೆಯಲ್ಲಿ ಕೌಂಟರಿನ ಪರದೆಯನ್ನು ಬೇಕೆಂದೇ ತೆರೆದಿಟ್ಟು ನಿಲ್ಲಿಸುವ ಆದೇಶ ಕೊಡಿ. ಬಳಿಕ ಪಿಜಿ_ಸಿಟಿಎಲ್ ಸ್ಟೇಟಸ್ ಕೇಳಿ: ಸರ್ವರ್ ನಿಜವಾಗಿ ನಿಂತಿದ್ದರೆ ಎಗ್ಸಿಟ್ ಕೋಡ್ 3 ಬರುತ್ತದೆ. ಆದೇಶ ಕೊಟ್ಟ ಕ್ಷಣದಿಂದ ಆ 3 ಬರುವವರೆಗೆ ಹಿಡಿದ ಸಮಯವನ್ನು ಬರೆದಿಟ್ಟುಕೊಂಡು, ಬ್ಯಾಟರಿಯಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು ಸಮಯ ಉಳಿದಿರುವಾಗಲೇ ನಿಲ್ಲಿಸುವ ಆದೇಶ ಹೊರಡುವಂತೆ ಯುಪಿಎಸ್‌ನ ಸೆಟ್ಟಿಂಗ್ ಬದಲಿಸಿಕೊಳ್ಳಿ.