ಮೂರು ತೂತಿನ ಮೋಹ

ಅಕ್ಟೋಬರ್ ಬಂತೆಂದರೆ ನನ್ನ ಕೋವಿ ರಿಪೇರಿ ಬೆಂಚಿನ ಮೇಲೆ ತೂತು ಬಿದ್ದ ಗುರಿಹಾಳೆಗಳ ರಾಶಿ. ಇಲ್ಲಿ ಮಿಷಿಗನ್‌ನಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವ ಕಾಲ ನವೆಂಬರ್ 15ಕ್ಕೆ ಶುರುವಾಗಿ 30ಕ್ಕೆ ಮುಗಿಯುತ್ತದೆ. ಅದಕ್ಕೆ ಮುಂಚಿನ ಆರು ವಾರ ನಾನು ರಿಪೇರಿ ಮಾಡುವುದಕ್ಕಿಂತ ಬೈಯುವುದೇ ಜಾಸ್ತಿ.

ಹೋದ ವರ್ಷ ವಿರಾಜಪೇಟೆ ಕಡೆಯ ಹುಡುಗನೊಬ್ಬ ತನ್ನ ಬೇಟೆಯ ಪಿಸ್ತೂಲು ಹಿಡಿದು ಬಂದ. ಪರ್ಸಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಬಿಡಿಸಿದ. ಮೂರು ತೂತು. ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಅತಿ ದೂರದ ಎರಡು ತೂತುಗಳ ನಡುವಿನ ಅಳತೆಗೆ ಗುಂಪು ಅಂತೀವಿ, ಅದು ಚಿಕ್ಕದಿದ್ದಷ್ಟೂ ಹೆಮ್ಮೆ.

"ನೂರು ಗಜಕ್ಕೆ ಮುಕ್ಕಾಲು ಇಂಚು ಅಂಕಲ್!"

"ಹಾಗಾದ್ರೆ ನನ್ನ ಹತ್ರ ಯಾಕಪ್ಪಾ ಬಂದೆ?"

"ಈಗ ಎಲ್ಲೆಲ್ಲೋ ಹೋಗ್ತಿದೆ. ಸ್ಕೋಪ್ ಕೆಟ್ಟಿದೆ ಅನ್ಸುತ್ತೆ."

ಸ್ಕೋಪ್ ಅಂದರೆ ಪಿಸ್ತೂಲಿನ ಮೇಲೆ ಕೂರಿಸುವ ಗುರಿ ದುರ್ಬೀನು. ಅದು ಕೆಟ್ಟಿರಲಿಲ್ಲ. ಕೆಡುವುದೇ ಇಲ್ಲ ಅಂತಲ್ಲ. ಈ ಪಿಸ್ತೂಲುಗಳು ಕೊಡುವ ಒದೆತಕ್ಕೆ ಸ್ಕೋಪ್ ಹಿಡಿದಿರುವ ಉಂಗುರ ಜಾರುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಮೊದಲು ಅದನ್ನೇ ನೋಡಿದೆ. ಎಲ್ಲ ಬಿಗಿಯಾಗಿತ್ತು.

ಅವನದು ಥಾಂಪ್ಸನ್ ಸೆಂಟರ್ ಕಂಟೆಂಡರ್. ವಾರೆನ್ ಸೆಂಟರ್ ಎಂಬಾತನ ಕೈಕೆಲಸ, 1967ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮೂರ ಒಂಟಿ ನಳಿಗೆ ಕೋವಿಯ ಹಾಗೆ ನಡು ಬಾಗಿಸಿ, ಒಂದೇ ತೋಟಾ ಹಾಕಿ, ಮುಚ್ಚುವುದು. ಒಂದು ಪಿನ್ ತೆಗೆದರೆ ನಳಿಗೆಯೇ ಬದಲು. ಸ್ಕೋಪ್ ಕೂರುವುದು ನಳಿಗೆಯ ಮೇಲೆ, ಹಾಗಾಗಿ ನಳಿಗೆ ಬಿಚ್ಚಿ ಮತ್ತೆ ಹಾಕಿದರೂ ಗುರಿ ಹೆಚ್ಚೂಕಮ್ಮಿ ಇದ್ದಲ್ಲೇ ಇರುತ್ತದೆ. ಹುಡುಗನದು 14 ಇಂಚಿನ ನಳಿಗೆ, 7-30 ವಾಟರ್ಸ್ ತೋಟಾ. ಹಳೆಯ 30-30ರ ಹಿತ್ತಾಳೆ ಕೋಶದ ಕತ್ತು ಕಿರಿದು ಮಾಡಿ 7 ಮಿಲಿಮೀಟರ್ ಗುಂಡು ಕೂರಿಸಿದ್ದು. ತೋಟಾಗಳನ್ನು ಅವನೇ ಮನೆಯ ಗ್ಯಾರೇಜಿನಲ್ಲಿ ತುಂಬಿಕೊಳ್ಳುತ್ತಾನೆ.

ಆ ಮುಕ್ಕಾಲು ಇಂಚಿನ ಹಾಳೆ ಸಿಕ್ಕ ಮೇಲೆ ಏನು ಮಾಡಿದೆ ಅಂತ ಕೇಳಿದೆ. ಮಾರನೇ ವಾರ ಅದೇ ಮದ್ದಿನಲ್ಲಿ ಮೂರು ಈಡು ಹೊಡೆದನಂತೆ, ಒಂದೂವರೆ ಇಂಚು ಬಂತು. ಮದ್ದು ಹಾಳಾಯ್ತು ಅಂದುಕೊಂಡು ಒಂದು ಗ್ರೇನಿನ ಹತ್ತರಲ್ಲಿ ಎರಡು ಪಾಲು ಕಮ್ಮಿ ಮಾಡಿದ. ಒಂದು ಪೌಂಡಿಗೆ 7000 ಗ್ರೇನ್, ಲೆಕ್ಕ ಹಾಕಿಕೊಳ್ಳಿ. ಆಮೇಲೆ ಒಂದು ಈಡು ಬಲಕ್ಕೆ ಹೋಯಿತು ಅಂತ ಸ್ಕೋಪಿನ ತಿರುಪು ಎಡಕ್ಕೆ. ಮುಂದಿನದು ಎಡಕ್ಕೆ ಹೋಯಿತು, ತಿರುಪು ಬಲಕ್ಕೆ. ಹೀಗೆ ಒಂದೇ ಬೆಳಿಗ್ಗೆ ನಲವತ್ತು ತೋಟಾ ಖಾಲಿ.

ಪ್ರತಿ ವರ್ಷವೂ ನೋಡುವುದು ಇದನ್ನೇ, ಬೇರೆ ಬೇರೆ ಮುಖಗಳಲ್ಲಿ.

ನಾನು ಕೋವಿ ಕೆಲಸಕ್ಕೆ ಬರುವ ಮುಂಚೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಸೆಕ್ಷನ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಒಬ್ಬ ಆಪರೇಟರ್ ಇದ್ದ, ಭಾರಿ ಶ್ರದ್ಧೆ. ಪ್ರತಿ ಬುಷ್ (ಉಂಗುರದಂಥ ಲೋಹದ ಬಿಡಿಭಾಗ) ಇಳಿಸಿದ ಕೂಡಲೇ ಮೈಕ್ರೋಮೀಟರ್ ಹಿಡಿಯುವುದು, ಮಿಲಿಮೀಟರಿನ ಒಂದು ನೂರಾಂಶ ಜಾಸ್ತಿ ಇದ್ದರೆ ಆಫ್‌ಸೆಟ್, ಅಂದರೆ ಉಳಿ ನಿಲ್ಲುವ ಜಾಗದ ಅಂಕಿ, ಒಂದು ನೂರಾಂಶ ಕಮ್ಮಿ ಮಾಡುವುದು. ಇಡೀ ಶಿಫ್ಟಿನಲ್ಲಿ ಜಾಸ್ತಿ ರಿಜೆಕ್ಟ್ ಅವನದೇ! ಪಕ್ಕದ ಮಷಿನ್ನಿನವನು ಬೀಡಿ ಸೇದಿಕೊಂಡು ಏನೂ ಮುಟ್ಟದೆ ಇರುತ್ತಿದ್ದ, ಅವನ ಬುಷ್ಷುಗಳು ಪಾಸು. ಯಂತ್ರಕ್ಕೆ ತನ್ನದೇ ಒಂದು ಸಹಜ ಓಲಾಟ ಇರುತ್ತದೆ. ಆ ಓಲಾಟವನ್ನೇ ತಪ್ಪು ಅಂದುಕೊಂಡು ಪ್ರತಿಸಲ ತಿದ್ದಿದರೆ, ಓಲಾಟದ ಮೇಲೆ ನಿಮ್ಮ ಓಲಾಟವೂ ಸೇರುತ್ತದೆ. ಗುಣಮಟ್ಟದ ಗುರು ಡೆಮಿಂಗ್ ಇದನ್ನು ಆಲಿಕೆ (ಫನಲ್) ಮತ್ತು ಗೋಲಿ ಇಟ್ಟುಕೊಂಡು ಆಡಿ ತೋರಿಸುತ್ತಿದ್ದರು. ಗೋಲಿ ಬಿದ್ದ ಪ್ರತಿ ಸಲವೂ ಅದು ಗುರುತಿನಿಂದ ತಪ್ಪಿದಷ್ಟೇ ಆಲಿಕೆಯನ್ನು ಎದುರು ದಿಕ್ಕಿಗೆ ಸರಿಸಿದರೆ ಹರಡುವಿಕೆ ಹತ್ತಿರ ಹತ್ತಿರ 1.4 ಪಟ್ಟು ಆಗುತ್ತದೆ. ಪಿಸ್ತೂಲಿನಲ್ಲಿ ಆಲಿಕೆ ಅಂದರೆ ನಿಮ್ಮ ಸ್ಕೋಪಿನ ತಿರುಪು.

ಇನ್ನು ಆ ಮೂರು ತೂತು. ನಿಮ್ಮ ಪಿಸ್ತೂಲು ಮೂರು ಈಡಿಗೆ ಸರಾಸರಿ ಒಂದು ಇಂಚಿನ ಗುಂಪು ಕೊಡುತ್ತದೆ ಅಂತಿಟ್ಟುಕೊಳ್ಳಿ. ಮದ್ದು ಅದೇ, ಗುಂಡು ಅದೇ, ಕೈ ಅದೇ. ಐದು ಹೊಡೆದರೆ ಸರಾಸರಿ ಒಂದೂಕಾಲು ಇಂಚಿಗೆ ಬರುತ್ತದೆ, ಹತ್ತು ಹೊಡೆದರೆ 1.6ರ ಹತ್ತಿರ. ಏನೂ ಕೆಟ್ಟಿಲ್ಲ, ಈಡು ಜಾಸ್ತಿ ಆದ ಹಾಗೆ ಅಂಚು ಹಿಗ್ಗುತ್ತದೆ ಅಷ್ಟೇ. ಮೂರು ಈಡಿನ ಗುಂಪೇ ಒಮ್ಮೆ ಅರ್ಧ ಇಂಚು, ಇನ್ನೊಮ್ಮೆ ಒಂದೂವರೆ ಇಂಚು ಬಂದರೂ ಆಶ್ಚರ್ಯವಿಲ್ಲ. ಅಂದರೆ ಹುಡುಗನ ಮುಕ್ಕಾಲು ಇಂಚು ಮತ್ತು ಒಂದೂವರೆ ಇಂಚು ಎರಡೂ ಒಂದೇ ಮದ್ದಿನ ಮಕ್ಕಳು. ಅವನು ಒಂದನ್ನು ಪರ್ಸಿನಲ್ಲಿಟ್ಟ, ಇನ್ನೊಂದನ್ನು ಕಸಕ್ಕೆ ಹಾಕಿದ. ಕಸಕ್ಕೆ ಹಾಕಿದ್ದನ್ನೂ ಸೇರಿಸಿ ಎಣಿಸಪ್ಪಾ ಅಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ.

ಇಷ್ಟು ಗ್ರೇನ್ ಹಾಕಿ ಅಂತ ನಾನು ಬರೆಯುವುದಿಲ್ಲ, ಕೇಳಲೂಬೇಡಿ. ಹೊಸ ಲೋಡಿಂಗ್ ಪುಸ್ತಕದಲ್ಲಿ ನಿಮ್ಮ ಪಿಸ್ತೂಲಿಗೇ ಅಂತ ಕೊಟ್ಟ ಲೆಕ್ಕ ನೋಡಿ, ಕೆಳಗಿನ ಅಂಕಿಯಿಂದ ಶುರು ಮಾಡಿ. ಬೋಲ್ಟ್ ರೈಫಲ್ಲಿನ ಲೆಕ್ಕ ಕಂಟೆಂಡರಿಗೆ ಬೇಡ, ಅಷ್ಟು ಒತ್ತಡ ಇದು ತಡೆಯದು. ಕಂಟೆಂಡರಿನ ತಮ್ಮ ಎನ್‌ಕೋರ್ ಇದಕ್ಕಿಂತ ಗಟ್ಟಿ, ಅದರ ಲೆಕ್ಕವೂ ಇಲ್ಲಿಗೆ ಬೇಡ. ಈಡಾದ ಮೇಲೆ ಪಿಸ್ತೂಲು ಬಾಗಿಸುವಾಗ ಬಿಗಿ ಹಿಡಿಯಿತೋ, ಅಲ್ಲಿಗೇ ನಿಲ್ಲಿಸಿ. ಸಲೀಸಾಗಿ ತೆರೆಯಿತು ಅಂದ ಮಾತ್ರಕ್ಕೆ ಒಳಗಿನ ಒತ್ತಡ ಕಮ್ಮಿ ಇದೆ ಅಂತಲೂ ತಿಳಿಯಬೇಡಿ.

ಹಿಡಿತದ ಬಗ್ಗೆ ಒಂದು ಮಾತು, ಇದು ನನ್ನದೇ ಪೆದ್ದತನ. ಮೊದಲ ವರ್ಷ ನಳಿಗೆಯನ್ನೇ ಮರದ ತುಂಡಿನ ಮೇಲೆ ಊರಿಕೊಂಡು ಗುರಿ ಕೂರಿಸಿದೆ, ಚೆನ್ನಾಗಿ ಕೂತಿತು. ಕಾಡಿನಲ್ಲಿ ಮೊಣಕಾಲಿಗೆ ಕೈ ಊರಿ ಹೊಡೆದರೆ ಈಡು ಬೇರೆಲ್ಲೋ. ಗುಂಡು ನಳಿಗೆಯೊಳಗೆ ಇರುವಾಗಲೇ ಮೂತಿ ಮೇಲೇಳಲು ಶುರುವಾಗಿರುತ್ತದೆ. ಊರಿದ್ದು ಗಟ್ಟಿಯೋ ಮೆತ್ತಗೋ, ಹಿಡಿ ಬಿಗಿಯೋ ಸಡಿಲವೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮದ್ದು ಬದಲಿಸಿದರೂ ಅಷ್ಟೇ, ಗುರಿ ಮೇಲೆ ಕೆಳಗೆ ಸರಿಯುತ್ತದೆ. ನಳಿಗೆಯ ಅಡಿಗಿರುವ ಮುಂಗಟ್ಟಿಗೆ, ಅಂದರೆ ಮುಂದಿನ ಹಿಡಿಯ ಕೆಳಗೆ ಮೆತ್ತನೆ ಮರಳುಚೀಲ ಇಡಿ, ಪ್ರತಿಸಲ ಒಂದೇ ಹಿಡಿತ ಹಿಡಿಯಿರಿ. ಕಿವಿಗೆ ಬಿರಡೆಯೂ ಬೇಕು, ಮೇಲೆ ಮಫ್ಸೂ ಬೇಕು.

ಹುಡುಗನನ್ನು ರೇಂಜಿಗೆ ಕರೆದುಕೊಂಡು ಹೋದೆ. ಸ್ಕೋಪಿನ ಎರಡೂ ತಿರುಪಿನ ಮುಚ್ಚಳ ಹಾಕಿ, ಮೇಲೆ ಎಲೆಕ್ಟ್ರಿಷಿಯನ್ ಟೇಪ್ ಸುತ್ತಿದೆ. "ಹತ್ತು ಈಡು ಹೊಡಿ, ನಡುವೆ ಟೇಪ್ ಮುಟ್ಟಿದರೆ ಮನೆಗೆ ಹೋಗು." ನಾಲ್ಕನೆಯದು ದೂರ ಬಿತ್ತು. ದುರ್ಬೀನಿನಲ್ಲಿ ನೋಡಿದವನು ನನ್ನ ಕಡೆ ತಿರುಗಿದ. ನಾನು ಟೀ ಕುಡಿಯುತ್ತಿದ್ದೆ. ಎರಡೆರಡು ಈಡಿಗೊಮ್ಮೆ ಪಿಸ್ತೂಲು ಬಾಗಿಸಿಟ್ಟು ನಳಿಗೆ ಆರಲು ಬಿಟ್ಟೆವು. ಮುಗಿಯಲು ಒಂದು ಗಂಟೆ ಹಿಡಿಯಿತು.

ಹಾಳೆ ತಂದು ಬೆಂಚಿನ ಮೇಲೆ ಹರಡಿದೆವು. ಎರಡು ಇಂಚಿನ ಗುಂಪು. ಪ್ರತಿ ತೂತೂ ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಅಂತ ಪೆನ್ಸಿಲಿನಲ್ಲಿ ಬರೆಸಿದೆ. ಕೂಡಿಸಿ ಹತ್ತರಿಂದ ಭಾಗಿಸಿದೆವು. ನಡುಮಧ್ಯ ಒಂದು ಇಂಚು ಬಲಕ್ಕೆ, ಒಂದೂವರೆ ಮೇಲೆ. ಅವನ ಸ್ಕೋಪಿನಲ್ಲಿ ನೂರು ಗಜಕ್ಕೆ ಒಂದು ಕ್ಲಿಕ್ ಅಂದರೆ ಕಾಲು ಇಂಚು. ಟೇಪ್ ಬಿಚ್ಚಿ ಎಡಕ್ಕೆ ನಾಲ್ಕು ಕ್ಲಿಕ್. ಮೇಲಿನದ್ದನ್ನು ಹಾಗೇ ಬಿಟ್ಟೆವು, ಸ್ವಲ್ಪ ಮೇಲಿದ್ದರೆ ದೂರಕ್ಕೆ ಒಳ್ಳೆಯದೇ. ಮತ್ತೆ ಟೇಪ್.

"ಎರಡು ಇಂಚು ಸಾಕಾ ಅಂಕಲ್? ನಮ್ಮ ತಾತ ಕೈಲ್ ಪೊಳ್ದ್ ಹಬ್ಬದಲ್ಲಿ ಒಂದೇ ಈಡಿಗೆ ತೆಂಗಿನಕಾಯಿ ಒಡೀತಿದ್ರು."

"ತೆಂಗಿನಕಾಯಿ ಎರಡು ಇಂಚಿಗಿಂತ ದೊಡ್ಡದಲ್ವೇನಪ್ಪಾ?" ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಎಂಟು ಇಂಚಿನ ತಟ್ಟೆಯಷ್ಟು. ಉಳಿದ ತೋಟಾಗಳನ್ನು ಬೆಂಚು ಬಿಟ್ಟು, ನೆಲದಲ್ಲಿ ಕೂತು ಮೊಣಕಾಲಿಗೆ ಕೈ ಊರಿ ಹೊಡಿ ಅಂದೆ. ಮೊದಲ ಐದು ಒಂಬತ್ತು ಇಂಚಿಗೆ ಹರಡಿದವು. ಆಗ ಅವನು ಮದ್ದಿನ ಮಾತು ಬಿಟ್ಟ.

ನವೆಂಬರ್ ಹತ್ತಕ್ಕೆ ಫೋನು ಬಂತು. ಕೂತು ಹೊಡೆದರೆ ಈಗ ಎಪ್ಪತ್ತು ಗಜದಲ್ಲಿ ಐದಕ್ಕೆ ಐದೂ ತಟ್ಟೆಯೊಳಗೇ ಬೀಳುತ್ತಿವೆಯಂತೆ. ಹಾಗಾದರೆ ಎಪ್ಪತ್ತಕ್ಕಿಂತ ದೂರದ ಜಿಂಕೆಗೆ ಕುದುರೆ ಎಳೆಯಬೇಡ ಅಂದೆ. ಸರಿ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ಅಂಗಡಿಯಲ್ಲಿ ಹೊಸ ಪೌಡರ್ ಬಂದಿದೆ..." ಅಂತ ಶುರು ಮಾಡಿದ.

ಡಿಸೆಂಬರಿನಲ್ಲಿ ಬಾ ಅಂದೆ.