ಬಾಗಿಲು ತೆರೆದವರು ಯಾರು? ಕಂಪ್ಯೂಟರ್ ಭದ್ರತೆ: ಓದುವ ಗೆಳೆಯರಿಗೆ ಟಿಪ್ಪಣಿ

ರಾಯಚೂರಿನಲ್ಲಿ ನನ್ನ ಹಾಗೇ ಪರೀಕ್ಷೆಗಳಿಗೆ ಓದುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಕಂಪ್ಯೂಟರಿಗೆ ಕೇಡು ಮಾಡುವ ಪ್ರೋಗ್ರಾಂಗಳಾದ ವೈರಸ್, ವರ್ಮ್, ಟ್ರೋಜನ್ ಮೂರಕ್ಕೂ ಗೈಡ್‌ನಲ್ಲಿ ಒಂದೊಂದು ಸಾಲಿನ ಅರ್ಥ ಇರುತ್ತದೆ. ಬಾಯಿಪಾಠ ಮಾಡಿದರೆ ಎರಡು ದಿನಕ್ಕೆ ಎಲ್ಲ ಕಲಸಿಹೋಗುತ್ತದೆ. ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಲು ಶುರು ಮಾಡಿದ ಮೇಲೆ ನನಗೆ ಇವು ತಲೆಯಲ್ಲಿ ನಿಂತವು. ಇದು ಒಳಗೆ ಬರಲು ಬಾಗಿಲು ತೆರೆದವರು ಯಾರು?

ವೈರಸ್‌ಗೆ ಇನ್ನೊಂದು ಫೈಲಿನ ಆಸರೆ ಬೇಕು. ಆ ಫೈಲನ್ನು ನಾವು ತೆರೆಯುವ ತನಕ ಅದು ಸುಮ್ನೆ ಮಲಗಿರುತ್ತದೆ. ವರ್ಮ್‌ಗೆ ಆಸರೆ ಬೇಡ. ತಾನೇ ನಕಲಾಗುತ್ತಾ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಎಷ್ಟೋ ಸಲ ಯಾರೂ ಏನೂ ಕ್ಲಿಕ್ ಮಾಡಿರುವುದಿಲ್ಲ. ಟ್ರೋಜನ್ ನಕಲಾಗುವುದೇ ಇಲ್ಲ. ಒಳ್ಳೆಯ ವಸ್ತುವಿನ ವೇಷದಲ್ಲಿ ಬರುತ್ತದೆ, ನಾವೇ ಕರೆದು ಒಳಗೆ ಕೂರಿಸುತ್ತೇವೆ. ನಮ್ಮ ಹತ್ತಿ ಹೊಲದ ಗುಲಾಬಿ ಕಾಯಿಕೊರಕವನ್ನು ನೆನಪಿಸಿಕೊಳ್ಳಿ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಬಿಡಿಸಿ ನೋಡಿದಾಗಲೇ ಒಳಗೆ ಹುಳ ಇರುವುದು ಗೊತ್ತಾಗುವುದು. ಟ್ರೋಜನ್ ಅಂದರೆ ಅಷ್ಟೇ.

ಪೆನ್‌ಡ್ರೈವ್

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಅರ್ಜಿಯ ಕೊನೆಯ ದಿನ ಒಂದು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ರೂಮಿಗೆ ಬಂದೆ. ಪೆನ್‌ಡ್ರೈವ್ ಹಾಕಿದರೆ ನನ್ನ ಎಲ್ಲ ಫೋಲ್ಡರುಗಳ ಮೇಲೂ ಸಣ್ಣ ಬಾಣದ ಗುರುತು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಪ್ರಮಾಣಪತ್ರ, ಎಲ್ಲ ಅದರಲ್ಲೇ ಇತ್ತು. ಎದೆ ಧಸಕ್ ಅಂದಿತು.

ಆಗಿದ್ದು ಇಷ್ಟು. ಪೆನ್‌ಡ್ರೈವ್‌ಗೆ ಅಂಟಿಕೊಂಡ ಕೆಟ್ಟ ಪ್ರೋಗ್ರಾಂ ಅಸಲಿ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಅಲ್ಲಿ ಇಡುತ್ತದೆ. ನಾವು ಒತ್ತಿದರೆ ಮೊದಲು ಆ ಪ್ರೋಗ್ರಾಂ ಓಡುತ್ತದೆ, ಆಮೇಲೆ ಫೋಲ್ಡರ್ ತೆರೆಯುತ್ತದೆ. ಫೋಲ್ಡರ್ ತೆರೆಯಿತಲ್ಲ ಎಂದು ನಮಗೆ ಅನುಮಾನವೇ ಬರುವುದಿಲ್ಲ. ಜನ ಇದನ್ನು ಶಾರ್ಟ್‌ಕಟ್ ವೈರಸ್ ಅನ್ನುತ್ತಾರೆ. ತಾನೇ ನಕಲಾಗುವುದರಿಂದ ಇದು ವರ್ಮ್‌ಗೇ ಹತ್ತಿರ.

ಗಾಬರಿಯಲ್ಲಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಬೇಡಿ. ಫೈಲುಗಳು ಸಾಮಾನ್ಯವಾಗಿ ಒಳಗೇ ಇರುತ್ತವೆ, ಕಾಣುವುದಿಲ್ಲ ಅಷ್ಟೇ. ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅಟ್ರಿಬ್ ಎಂಬ ಕಮಾಂಡ್ ಕೊಟ್ಟು, ಫೈಲುಗಳನ್ನು ಮರೆಮಾಡಿರುವ ಹಿಡನ್, ಸಿಸ್ಟಮ್ ಗುರುತುಗಳನ್ನು ತೆಗೆಯಿರಿ. ನನ್ನ ಫೈಲುಗಳೆಲ್ಲ ಹಾಗೇ ಸಿಕ್ಕವು. ಈಗ ಪ್ರಿಂಟ್‌ಗೆಂದೇ ಬೇರೆ ಪೆನ್‌ಡ್ರೈವ್ ಇಟ್ಟಿದ್ದೇನೆ. ಅದರಲ್ಲಿ ಆ ದಿನಕ್ಕೆ ಬೇಕಾದ ಒಂದು ಪಿಡಿಎಫ್ ಬಿಟ್ಟು ಬೇರೇನೂ ಇರುವುದಿಲ್ಲ.

ಇದು ಸಣ್ಣ ಅಂಗಡಿಗಳ ತೊಂದರೆ ಮಾತ್ರ ಅಂದುಕೊಳ್ಳಬೇಡಿ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇರಾನಿನ ಅಣು ಘಟಕವನ್ನು ಗುರಿ ಮಾಡಿತ್ತು. ಅದೂ ಪೆನ್‌ಡ್ರೈವ್ ಮೂಲಕ ಹರಡುತ್ತಿತ್ತು. ವಿಂಡೋಸ್ ಶಾರ್ಟ್‌ಕಟ್ ಫೈಲನ್ನು ತೋರಿಸುವ ರೀತಿಯಲ್ಲಿದ್ದ ಒಂದು ದೋಷವನ್ನೇ ಅದು ಬಳಸಿಕೊಂಡಿತ್ತು.

ಫೈಲಿನ ಬಾಲ ನೋಡಿ

ವಿಂಡೋಸ್‌ನಲ್ಲಿ ಫೈಲಿನ ಹೆಸರಿನ ಕೊನೆಯ ತುಂಡು ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ 'ಹಾಲ್‌ಟಿಕೆಟ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಎಂಬ ಫೈಲು (ಇಎಕ್ಸ್‌ಇ ಅಂದರೆ ಓಡುವ ಪ್ರೋಗ್ರಾಂ) ನಮಗೆ 'ಹಾಲ್‌ಟಿಕೆಟ್ ಡಾಟ್ ಪಿಡಿಎಫ್' ಎಂದಷ್ಟೇ ಕಾಣುತ್ತದೆ. 2000ದ ಮೇ ತಿಂಗಳಲ್ಲಿ ಫಿಲಿಪೈನ್ಸ್‌ನಿಂದ ಹೊರಟ 'ಐ ಲವ್ ಯೂ' ವರ್ಮ್ ಇದೇ ಉಪಾಯದಿಂದ ಜಗತ್ತೆಲ್ಲ ಸುತ್ತಿತು. ಜನ ಪ್ರೇಮಪತ್ರ ಅಂದುಕೊಂಡು ತೆರೆದರು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಇವತ್ತೇ ಟಿಕ್ ಹಾಕಿ.

ಅಪ್‌ಡೇಟ್ ಮತ್ತು ಬ್ಯಾಕಪ್

ವಾನಾಕ್ರೈ ಎಂಬ ದಾಳಿ 2017ರ ಮೇ 12ರಂದು ಶುರುವಾಯಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತು. ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್‌ನಲ್ಲಿ ಹಣ ಕೇಳಿತು. ಹೀಗೆ ಒತ್ತೆ ಇಟ್ಟುಕೊಳ್ಳುವುದೇ ರಾನ್ಸಮ್‌ವೇರ್. ವಾನಾಕ್ರೈ ವರ್ಮ್‌ನಂತೆ ತಾನೇ ಹರಡುತ್ತಿತ್ತು, ಹಾಗಾಗಿ ಎರಡೂ ಹೌದು. ನನಗೆ ಬೇಜಾರಾಗುವ ವಿಷಯ ಇನ್ನೊಂದಿದೆ. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ವಿಂಡೋಸ್ 7 ಓಡುವ ಅಂಗಡಿಗಳನ್ನು ನಾನು ನೋಡುತ್ತಲೇ ಇದ್ದೇನೆ.

ಬ್ಯಾಕಪ್‌ಗೆ 3-2-1 ನಿಯಮ ನೆನಪಿಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುವ ಹಾರ್ಡ್‌ಡಿಸ್ಕ್ ಬ್ಯಾಕಪ್ ಅಲ್ಲ, ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ.

ವಿಳಾಸ ಓದುವುದು

ಫಿಶಿಂಗ್ ಅಂದರೆ ನಕಲಿ ಪುಟ ತೋರಿಸಿ ಪಾಸ್‌ವರ್ಡ್, ಕಾರ್ಡ್ ನಂಬರ್ ಕಸಿಯುವುದು. ಫಲಿತಾಂಶದ ದಿನ ಟೆಲಿಗ್ರಾಂ ಗುಂಪುಗಳಲ್ಲಿ ಲಿಂಕ್‌ಗಳ ಮಳೆ ಸುರಿಯುತ್ತದೆ ಅಲ್ವಾ? ಅಲ್ಲಿ ಸ್ವಲ್ಪ ತಡೆಯಿರಿ. 'ಎಚ್‌ಟಿಟಿಪಿಎಸ್' ಮತ್ತು ಅದರ ಜೊತೆಗಿರುವ ಎರಡು ಓರೆಗೆರೆಗಳನ್ನು ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎಡಕ್ಕೆ ಓದುತ್ತಾ ಬನ್ನಿ. ಕರ್ನಾಟಕ ಸರ್ಕಾರದ ತಾಣವಾದರೆ ಸಾಮಾನ್ಯವಾಗಿ ಅಲ್ಲಿ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಇರಬೇಕು. 'ಡಾಟ್ ಗವ್ ಡಾಟ್ ಇನ್' ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. 'ಗವ್' ಹಿಂದೆ ಚುಕ್ಕಿಯ ಬದಲು ಅಡ್ಡಗೆರೆ ಇದ್ದರೆ ಅದು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು. 'ಗವ್ ಡಾಟ್ ಇನ್' ಆದ ಮೇಲೆ ಇನ್ನೊಂದು ಚುಕ್ಕಿ, ಇನ್ನೊಂದು ಹೆಸರು ಬಂದರೂ ನಕಲಿಯೇ. ಬೀಗದ ಚಿತ್ರ ನೋಡಿ ನಂಬಬೇಡಿ. ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಆ ಕಡೆ ಕೂತವನು ಕಳ್ಳನೋ ಅಲ್ಲವೋ ಎಂದು ಹೇಳುವುದಿಲ್ಲ.

ಲಕ್ಷಾಂತರ ಜನ ಒಟ್ಟಿಗೆ ಒತ್ತಿದ್ದಕ್ಕೆ ಫಲಿತಾಂಶದ ತಾಣ ಕುಸಿದರೆ ಅದು ದಾಳಿ ಅಲ್ಲ. ಅದೇ ನೂಕುನುಗ್ಗಲನ್ನು ಬೇಕಂತಲೇ ಮಾಡಿಸಿದರೆ ಡಿಡಾಸ್ ದಾಳಿ.

ಸೈಬರ್ ಸೆಂಟರ್ ಮತ್ತು ಪಾಸ್‌ವರ್ಡ್

ನಮ್ಮ ಕಡೆ ಅರ್ಜಿ ತುಂಬುವ ಅಂಗಡಿಯವರೇ ಇಮೇಲ್ ಮಾಡಿಕೊಟ್ಟು ಪಾಸ್‌ವರ್ಡನ್ನೂ ಇಡುವುದು ಜಾಸ್ತಿ. ಅವರು ಒಳ್ಳೆಯವರೇ ಇರಬಹುದು. ಆದರೂ ಕೀಲಿ ನಿಮ್ಮ ಕೈಯಲ್ಲಿಲ್ಲ. ಮನೆಗೆ ಬಂದು ನಿಮ್ಮ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ರಿಕವರಿ ನಂಬರ್ ನಿಮ್ಮದೇ ಕೊಡಿ, ಎರಡು ಹಂತದ ಪರಿಶೀಲನೆ ಹಾಕಿ. ಅಂಗಡಿಯಿಂದ ಹೊರಡುವ ಮುಂಚೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದ ನಿಮ್ಮ ಆಧಾರ್ ಅಳಿಸಿಸಿ, ರೀಸೈಕಲ್ ಬಿನ್ ಕೂಡ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಅದನ್ನೇ ಕೊಡಿ. ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸಬೇಡಿ. ಒಂದು ತಾಣದಿಂದ ಸೋರಿದ್ದನ್ನು ಕಳ್ಳರು ಉಳಿದ ಒಂಬತ್ತರಲ್ಲೂ ಹಾಕಿ ನೋಡುತ್ತಾರೆ.

ಫೋನಿಗೆ ಬರುವ ಎಪಿಕೆ

ಮನೆಯ ಹಿರಿಯರಿಗೆ ಮೊದಲು ಹೇಳಬೇಕಾದದ್ದು ಇದು. ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ ಬರುತ್ತದೆ. ಅದು ಆ್ಯಪ್. ಆಮಂತ್ರಣ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಯಾಕೆ ಬರಬೇಕು? ಹಾಕಿಕೊಂಡು ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ನೇರ ಕಳ್ಳರಿಗೆ ಹೋಗುತ್ತದೆ. ನೀವು ಯಾರಿಗೂ ಒಟಿಪಿ ಹೇಳದಿದ್ದರೂ ಹಣ ಹೋಗುವುದು ಹೀಗೆ. ಪರಿಚಯದ ನಂಬರಿನಿಂದ ಬಂದರೂ ನಂಬಬೇಡಿ, ಅವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ತೆರೆದು ವಾಟ್ಸಾಪ್ ಮುಂದೆ ಆಫ್ ಇದೆಯಾ ನೋಡಿ. ಇನ್ನೊಂದು ಮಾತು, ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ.

ಹಣ ಹೋಗೇಬಿಟ್ಟರೆ ಮೊದಲು ಆ ಫೋನಿನ ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಹಿಡಿಯಲು ಅವಕಾಶ ಇರುತ್ತದೆ. ಇಂಥ ದೂರುಗಳಿಗೆ ಜಿಲ್ಲೆಯಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಗುರುತಿನ ಕಳವಿಗೆ ಐಟಿ ಕಾಯ್ದೆ 2000ದ 66ಸಿ, ಸೋಗು ಹಾಕಿ ಮಾಡುವ ವಂಚನೆಗೆ 66ಡಿ ಕಲಂ, ಇವೆರಡನ್ನೂ ಪರೀಕ್ಷೆಗೂ ನೆನಪಿಡಿ. ಆ ಎಪಿಕೆ ಬಂದ ಮೆಸೇಜನ್ನು ಮಾತ್ರ ಅಳಿಸಬೇಡಿ. ಸ್ಕ್ರೀನ್‌ಶಾಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗೆ ಅದೂ ಬೇಕಾಗುತ್ತದೆ.